ಕಣ್ಣಿಗೆ ಕಾಣದ ಎಣ್ಣೆ

ಖಂಡೇನವಮಿಯ ದಿನ ಚಿಕ್ಕೋಡಿಯ ಬೀದಿಯಲ್ಲಿ ನಿಂತು ನೋಡಿದರೆ, ಮನುಷ್ಯನು ಯಂತ್ರವನ್ನು ಎಷ್ಟು ಅಕ್ಕರೆಯಿಂದ ಕಾಣಬಲ್ಲನೆಂಬುದು ತಿಳಿಯುತ್ತದೆ. ಪಿಕಪ್ ಗಾಡಿಗಳಿಗೆ ಅಂದು ಅಭ್ಯಂಗನದ ಸಂಭ್ರಮ. ಗಾಜು ಥಳಥಳಿಸುತ್ತದೆ, ಮುಂಭಾಗಕ್ಕೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಎಂಜಿನ್ನಿಗೆ ಹೊಸ ಎಣ್ಣೆಯೂ ಬಿದ್ದಿರುತ್ತದೆ. ಆದರೆ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ಕುಳಿತ ಗೇರುಪೆಟ್ಟಿಗೆಯನ್ನು ಕೇಳುವವರು ವಿರಳ. ಅದರೊಳಗಿನ ಎಣ್ಣೆಯನ್ನು ಯಾವಾಗ ಬದಲಿಸಿದಿರೆಂದು ವಿಚಾರಿಸಿದರೆ, “ಅದೇನ್ ತ್ರಾಸ ಕೊಟ್ಟಿಲ್ಲ, ಬಿಡ್ರಿ” ಎಂಬ ಉತ್ತರ ಬರುತ್ತದೆ.

ತ್ರಾಸ ಕೊಡದಿರುವುದೇ ಅದರ ದೊಡ್ಡ ದೋಷ. ಎಂಜಿನ್ನು ಸಣ್ಣ ನೋವಿಗೂ ಹೊಗೆಯುಗುಳಿ ಕೂಗಾಡುತ್ತದೆ, ಗೇರುಪೆಟ್ಟಿಗೆ ಸಹನಶೀಲ. ವರ್ಷಗಟ್ಟಲೆ ಸಹಿಸಿಕೊಂಡಿದ್ದು, ಒಂದು ದಿನ ಏರಿನ ನಡುವೆ ಕೈಬಿಡುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕಬ್ಬನ್ನು ಟ್ರ್ಯಾಕ್ಟರುಗಳೂ ಲಾರಿಗಳೂ ಹೊರುತ್ತವೆ. ತರಕಾರಿ, ಬೆಲ್ಲ, ಹಾಲಿನ ಕ್ಯಾನು, ಮದುವೆ ಮನೆಯ ಸಾಮಾನುಗಳಿಗೆ ಪಿಕಪ್ಪೇ ಗತಿ. ಅವುಗಳಲ್ಲಿ ಅನೇಕವು ಸಾಲದ ಕಂತಿನ ಮೇಲೆ ಕೊಂಡವು. ಗಾಡಿ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ನಿಲ್ಲುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ. ಕೆಲವೇ ಲೀಟರು ಎಣ್ಣೆಯ ಹಣವನ್ನು ಉಳಿಸಿದವನು ಕಡೆಗೆ ಗೇರುಚಕ್ರಗಳ ಮತ್ತು ಬೇರಿಂಗುಗಳ ಬೆಲೆಯನ್ನು ತೆರಬೇಕಾಗುತ್ತದೆ.

ಬೆಂಕಿಯ ಸೋಂಕಿಲ್ಲದ ಈ ಎಣ್ಣೆ ಕೆಡುವುದಾದರೂ ಹೇಗೆ? ಎಂಜಿನ್ ಎಣ್ಣೆಯಂತೆ ಇದು ಮಸಿಯಾಗುವುದಿಲ್ಲ, ನಿಜ. ಆದರೆ ಉಕ್ಕಿನ ಹಲ್ಲುಗಳ ನಡುವೆ ಸಿಕ್ಕಿ ಸಿಕ್ಕಿ ಇದರ ಸ್ನಿಗ್ಧತೆ ಕುಗ್ಗುತ್ತದೆ. ಕಾವಿನಿಂದಲೂ ಗಾಳಿಯ ಆಮ್ಲಜನಕದಿಂದಲೂ ಇದರ ಗುಣ ಮಾರ್ಪಡುತ್ತದೆ. ಸವೆದ ಲೋಹದ ಪುಡಿ ಇದರಲ್ಲಿ ಬೆರೆಯುತ್ತದೆ. ನಿಪ್ಪಾಣಿಯಿಂದ ಸಂಕೇಶ್ವರದ ಕಡೆಗೆ ಹೇರು ಹೊತ್ತು ತವಂದಿ ಘಾಟನ್ನು ಏರುವ ಗಾಡಿಯ ಎಣ್ಣೆಗೂ, ಊರೊಳಗೆ ಹಗುರಾಗಿ ಓಡಾಡುವ ಗಾಡಿಯ ಎಣ್ಣೆಗೂ ಒಂದೇ ಆಯುಷ್ಯವೆಂದು ತಿಳಿಯಲಾಗದು. ಆದುದರಿಂದಲೇ ಅನೇಕ ತಯಾರಕರ ಕೈಪಿಡಿಗಳು ಹೇರು, ಧೂಳು, ಘಾಟುಗಳಲ್ಲಿ ದುಡಿಯುವ ಗಾಡಿಗಳಿಗೆ ಕಡಮೆ ಅವಧಿಯನ್ನು ವಿಧಿಸಿರುತ್ತವೆ. ಕೆಲವು ಗಾಡಿಗಳ ಎಣ್ಣೆಯನ್ನು ‘ಆಜೀವ’ ಎಂದು ಕರೆಯುವುದುಂಟು. ಯಾರ ಜೀವವೆಂಬುದನ್ನು ಕೊಳ್ಳುವವನು ವಿಚಾರಿಸಬೇಕು!

ಈ ಮಾತು ನಗರದ ವಾಚಕರಿಗೂ ಸಲ್ಲುತ್ತದೆ. ಸರಕು ಹೊರುವ ಪಿಕಪ್ಪುಗಳಲ್ಲಿ ಬಹುಪಾಲು ಕೈಯಿಂದ ಗೇರು ಬದಲಿಸುವವು. ಆದರೆ ಮನೆಯ ಕಾರುಗಳಲ್ಲಿ ತಾನಾಗಿ ಗೇರು ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಬಗೆ ಈಗ ಸಾಮಾನ್ಯವಾಗಿದೆ. ಅದರಲ್ಲಿ ಎಣ್ಣೆಯ ಪಾತ್ರ ಇನ್ನೂ ದೊಡ್ಡದು. ಎರಡು ಮೇಜುಪಂಖಗಳನ್ನು ಎದುರೆದುರಾಗಿಟ್ಟು ಒಂದನ್ನು ಮಾತ್ರ ಹಾಕಿದರೆ, ಅದರ ಗಾಳಿಗೆ ಮತ್ತೊಂದೂ ತಿರುಗತೊಡಗುತ್ತದಷ್ಟೆ. ಗಾಳಿಯ ಬದಲು ಎಣ್ಣೆಯನ್ನು ಬಳಸಿ ಈ ತತ್ತ್ವವನ್ನು ಯಂತ್ರಕ್ಕಿಳಿಸಿದವನು ಜರ್ಮನಿಯ ಹರ್ಮನ್ ಫೊಟಿಂಗರ್. ೧೯೦೫ರಲ್ಲಿ ಅವನು ಪೇಟೆಂಟು ಪಡೆದದ್ದು ಹಡಗುಗಳಿಗಾಗಿ. ೧೯೩೯ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ‘ಹೈಡ್ರಮ್ಯಾಟಿಕ್’ ಎಂಬ ಆಟೊಮ್ಯಾಟಿಕ್ ಗೇರುಪೆಟ್ಟಿಗೆಯನ್ನು ಓಲ್ಡ್ಸ್‌ಮೊಬೈಲ್ ಕಾರಿಗೆ ತಂದಿತು. ಇಂಥ ಪೆಟ್ಟಿಗೆಯಲ್ಲಿ ಎಣ್ಣೆಯೇ ಎಂಜಿನ್ನಿನ ಬಲವನ್ನು ಸಾಗಿಸುತ್ತದೆ, ಕ್ಲಚ್ಚಿನ ಬಿಲ್ಲೆಗಳನ್ನು ಒತ್ತಿ ಹಿಡಿಯುತ್ತದೆ, ಜಾರಿಸುತ್ತದೆ, ತಂಪಾಗಿಸುತ್ತದೆ. ಒಂದೇ ದ್ರವ ಒಂದು ಕಡೆ ಜಾರಿಸಬೇಕು, ಮತ್ತೊಂದು ಕಡೆ ಹಿಡಿತ ಕೊಡಬೇಕು! ಈ ಗುಣಕ್ಕಾಗಿ ಹಿಂದೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕವು ಅದನ್ನು ನಿಷೇಧಿಸಿದ ಮೇಲೆ ರಾಸಾಯನಿಕಗಳು ಆ ಸ್ಥಾನಕ್ಕೆ ಬಂದವು.

ಹಳೆಯ ಎಣ್ಣೆ ಹೊರಬಂದಾಗ ಅದನ್ನು ಚೆಲ್ಲುವ ಮೊದಲು ಓದಬೇಕು. ವೈದ್ಯನಿಗೆ ನಾಡಿ ಹೇಗೋ, ಮಿಸ್ತ್ರಿಗೆ ಇದು ಹಾಗೆ. ಆಟೊಮ್ಯಾಟಿಕ್ ದ್ರವಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಸೋರಿದಾಗ ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಗುರುತು ಸಿಗಲೆಂದು. ಅದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ಬಿಲ್ಲೆಗಳು ಬೇಯುತ್ತಿವೆಯೆಂದು ಶಂಕಿಸಬೇಕು. ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನುಣುಪಾದ ಬೂದುಬಣ್ಣದ ಕೆಸರು ಸಹಜ ಸವಕಳಿ. ಬೆರಳಿಗೆ ಚುಚ್ಚುವ ಚೂರುಗಳು ಅಪಾಯದ ಸೂಚನೆ. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಒಳಗೆ ನೀರು ಹೊಕ್ಕಿದೆ.

ಕೃಷ್ಣೆಯ ಸೀಮೆಯವರು ಈ ಕೊನೆಯ ಲಕ್ಷಣವನ್ನು ಮರೆಯಲಾಗದು. ೨೦೧೯ರ ಆಗಸ್ಟ್ ಮತ್ತು ೨೦೨೧ರ ಜುಲೈ ತಿಂಗಳುಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದವು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ನೀರು ನಿಂತಿತು. ಗೇರುಪೆಟ್ಟಿಗೆಯ ಮೇಲೆ ಉಸಿರಾಡುವ ಚಿಕ್ಕ ರಂಧ್ರವಿರುತ್ತದೆ. ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಸಂಕೋಚಗೊಂಡು, ಆ ರಂಧ್ರದ ಮೂಲಕವೋ ಸೀಲುಗಳ ಸಂದಿನಿಂದಲೋ ನೀರನ್ನು ಹೀರಬಹುದು. ಎಂಜಿನ್ನು ಸುಖವಾಗಿ ಚಾಲೂ ಆಯಿತೆಂದು ನೆಮ್ಮದಿಪಡುವಂತಿಲ್ಲ. ಒಳಗಡೆ ತುಕ್ಕು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಆಳ ನೀರಿನಲ್ಲಿ ನಿಂತ ಅಥವಾ ಹಾದ ಗಾಡಿಯ ಗೇರುಪೆಟ್ಟಿಗೆಯನ್ನೂ ಹಿಂದಿನ ಅಚ್ಚಿನ ಡಿಫರೆನ್ಶಿಯಲ್ಲನ್ನೂ ಅವಧಿಗೆ ಕಾಯದೆ ಪರೀಕ್ಷಿಸತಕ್ಕದ್ದು. ಮಳೆಗಾಲ ಮುಗಿದು, ಕಬ್ಬು ನುರಿಸುವ ಹಂಗಾಮಿನ ಓಡಾಟ ಮೊದಲಾಗುವ ಮುನ್ನ ಬರುವ ಖಂಡೇನವಮಿಯೇ ಈ ಪರೀಕ್ಷೆಗೆ ಪ್ರಶಸ್ತವಾದ ಕಾಲ.

ಬದಲಿಸುವ ಕ್ರಮ ಕಠಿಣವಲ್ಲ. ಅವಸರ ಮಾತ್ರ ಕೂಡದು. ಗಾಡಿಯನ್ನು ಸ್ವಲ್ಪ ದೂರ ಓಡಿಸಿದರೆ ಎಣ್ಣೆ ಬೆಚ್ಚಗಾಗಿ ಸರಾಗವಾಗಿ ಇಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಟ್ಟಿ ಕೊಡಬೇಕು. ಮೊದಲು ಬಿಚ್ಚತಕ್ಕದ್ದು ಎಣ್ಣೆ ತುಂಬುವ ಮೇಲಿನ ಪ್ಲಗ್ಗು, ಕೆಳಗಿನದಲ್ಲ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ತುಕ್ಕುಹಿಡಿದು ಬಾರದಿದ್ದರೆ, ಗಾಡಿ ಇದ್ದಲ್ಲಿಯೇ ಇರಬೇಕಾಗುತ್ತದೆ! ಎಣ್ಣೆ ಪೂರ್ತಿ ತೊಟ್ಟಿಕ್ಕಿದ ಬಳಿಕ ಅಯಸ್ಕಾಂತವನ್ನು ಒರೆಸಿ, ಹೊಸ ವಾಷರು ಹಾಕಿ, ಹದವರಿತು ಬಿಗಿಯಬೇಕು. ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯಾದರೆ ಅತಿ ಬಿಗಿತದಿಂದ ಸುತ್ತುಗಳು ಕಿತ್ತುಬರುತ್ತವೆ. ಹೊಸ ಎಣ್ಣೆ ಮೇಲಿನ ರಂಧ್ರದ ಅಂಚಿಗೆ ಬಂದು ಜಿನುಗತೊಡಗಿದರೆ ಅಳತೆ ತುಂಬಿತೆಂದು ಸಾಮಾನ್ಯ ಲೆಕ್ಕ.

ಆಟೊಮ್ಯಾಟಿಕ್ ಪೆಟ್ಟಿಗೆಯ ಲೆಕ್ಕ ಬೇರೆ. ತಳದ ಪ್ಲಗ್ಗು ಬಿಚ್ಚಿದಾಗ ಎಲ್ಲ ದ್ರವವೂ ಬರುವುದಿಲ್ಲ. ಒಂದು ದೊಡ್ಡ ಪಾಲು ಒಳಗೇ ಉಳಿದಿರುತ್ತದೆ. ಹೊರಬಂದದ್ದನ್ನು ಅಳೆದು, ಮೊದಲು ಅಷ್ಟನ್ನೇ ಹಾಕಬೇಕು. ಆಮೇಲೆ ತಯಾರಕರು ಹೇಳಿದ ಉಷ್ಣತೆಯಲ್ಲಿ, ಬಹುತೇಕ ಎಂಜಿನ್ನು ನಡೆಯುತ್ತಿರುವಾಗಲೇ, ಮಟ್ಟ ನೋಡಬೇಕು. ಈ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದೇ ಜಾಣತನ.

ಎಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆಯ ಜಾತಿ. ಡಿಫರೆನ್ಶಿಯಲ್ಲಿಗೆ ಹೇಳಿದ ‘ಜಿ.ಎಲ್. ೫’ ದರ್ಜೆಯ ಎಣ್ಣೆ ಹೆಚ್ಚು ಬಲಿಷ್ಠವೆಂದು ಗೇರುಪೆಟ್ಟಿಗೆಗೂ ಸುರಿಯುವವರುಂಟು. ‘ಜಿ.ಎಲ್. ೪’ ಬೇಡುವ ಪೆಟ್ಟಿಗೆಯಲ್ಲಿ ಅದರ ಗಂಧಕದ ಅಂಶ ಹಿತ್ತಾಳೆಯ ಉಂಗುರಗಳನ್ನು ತಿನ್ನಬಹುದು. ಅಂಗಡಿಯಲ್ಲಿ ಸಿಕ್ಕಿದ್ದಲ್ಲ, ಕೈಪಿಡಿಯಲ್ಲಿ ಬರೆದದ್ದೇ ಪ್ರಮಾಣ. ಬದಲಿಸಿದ ದಿನಾಂಕ, ಮೀಟರಿನ ಅಂಕಿ, ಎಣ್ಣೆಯ ಹೆಸರು ಈ ಮೂರನ್ನೂ ಗಾಡಿಯ ಕಾಗದಪತ್ರಗಳೊಡನೆ ಬರೆದಿಟ್ಟರೆ, ಮುಂದಿನ ಬಾರಿ ಯಾರ ನೆನಪನ್ನೂ ನಂಬಬೇಕಾಗಿಲ್ಲ.

ಇಳಿಸಿದ ಎಣ್ಣೆಯ ಗತಿ? ಗ್ಯಾರೇಜಿನ ಹಿಂದಿನ ಚರಂಡಿಗೆ ಸುರಿದದ್ದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಕೇಂದ್ರ ಸರಕಾರದ ೨೦೧೬ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಪರವಾನಗಿ ಪಡೆದ ಸಂಸ್ಕರಣಕಾರರಿಗೇ ಅದು ಸೇರಬೇಕು. ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ ಅಂಥವರಿಗೆ ಒಪ್ಪಿಸುವ ಗ್ಯಾರೇಜನ್ನೇ ಆರಿಸಿಕೊಳ್ಳುವುದು ಗಿರಾಕಿಯ ಕೈಯಲ್ಲಿದೆ. ಗಾಡಿಗೆ ಬೇಡವಾದ ಎಣ್ಣೆ ನಮ್ಮ ಕುಡಿಯುವ ನೀರಿಗೂ ಬೇಡ.