ಗುಜರಿಯ ತಕ್ಕಡಿಯಲ್ಲಿ ಮೆಗ್ಗರ್

ರುಸೈಲ್ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಕಂಪನಿಯ ಹಳೆಯ ಸ್ಟೋರನ್ನು ಕಳೆದ ಬೇಸಿಗೆಯಲ್ಲಿ ಖಾಲಿ ಮಾಡಿದರು. ಬಾಗಿಲಲ್ಲಿ ಗುಜರಿಯವನ ಪಿಕಪ್ ನಿಂತಿತ್ತು. ತಾಮ್ರ ಒಂದು ಕಡೆ, ಅಲ್ಯುಮಿನಿಯಂ ಒಂದು ಕಡೆ, ಮಿಕ್ಕಿದ್ದೆಲ್ಲ ‘ಸಿಕ್ರಾಬ್’ ಎಂದು ಇನ್ನೊಂದು ಕಡೆ. ಆ ಮೂರನೆಯ ರಾಶಿಯಲ್ಲಿ ಕೈಯಲ್ಲಿ ತಿರುಗಿಸುವ ಎರಡು ಮೆಗ್ಗರ್‌ಗಳಿದ್ದವು, ಚರ್ಮದ ಪೆಟ್ಟಿಗೆಯಲ್ಲಿ ಒಂದು ಅವೋಮೀಟರ್ ಇತ್ತು. ಒಂದು ಮೆಗ್ಗರ್‌ನ ಹಿಡಿ ತಿರುಗಿಸಿ ನೋಡಿದೆ. ಮುಳ್ಳು ಸರಾಗವಾಗಿ ಅನಂತದ ಗುರುತಿಗೆ ಹೋಗಿ ನಿಂತಿತು. ಬ್ಯಾಟರಿ ಬೇಡ, ಚಾರ್ಜರ್ ಬೇಡ, ಉಪಕರಣ ಸರಿಯಾಗಿಯೇ ಇದೆ. ಅದನ್ನು ತೂಕಕ್ಕೆ ಹಾಕಿದ್ದರು.

ಇವು ಯಾವುವೆಂದು ತಿಳಿಯದವರಿಗೆ ಎರಡು ಮಾತು. ತಂತಿಯ ಮೇಲಿನ ಹೊದಿಕೆ, ಅಂದರೆ ಇನ್ಸುಲೇಷನ್, ಗಟ್ಟಿಯಾಗಿದೆಯೋ ಸೋರುತ್ತಿದೆಯೋ ಎಂದು 500 ಅಥವಾ 1000 ವೋಲ್ಟ್ ಹಾಕಿ ಪರೀಕ್ಷಿಸುವುದು ಮೆಗ್ಗರ್. ಲಂಡನ್ನಿನ ಎವರ್‌ಶೆಡ್ ಅಂಡ್ ವಿನ್ಯೋಲ್ಸ್ ಕಂಪನಿ 1903ರಲ್ಲಿ ನೋಂದಾಯಿಸಿದ ಈ ಹೆಸರು ಇವತ್ತು ನಮ್ಮ ಬಾಯಲ್ಲಿ ಕ್ರಿಯಾಪದವೇ ಆಗಿದೆ. ‘ಕೇಬಲ್ ಮೆಗ್ಗರ್ ಮಾಡಿದ್ಯಾ?’ ಎಂದೇ ಕೇಳುತ್ತೇವೆ. ಅವೋ ಎಂದರೆ ಆಂಪಿಯರ್, ವೋಲ್ಟ್, ಓಮ್. ಮೂರಕ್ಕೂ ಬೇರೆಬೇರೆ ಮೀಟರ್ ಹೊತ್ತು ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮಕಾಡಿಯ ಕಲ್ಪನೆಯಿಂದ ಅದು 1923ರಲ್ಲಿ ಮಾರುಕಟ್ಟೆಗೆ ಬಂತು. ಅದರ ಮಾಡೆಲ್ 8 ಬಂದದ್ದು 1951ರಲ್ಲಿ, ತಯಾರಿಕೆ ನಿಂತದ್ದು 2008ರಲ್ಲಿ.

ನನ್ನ ತಕರಾರಿಗೆ ಮ್ಯಾನೇಜರ್ ಮೂರು ಉತ್ತರ ಕೊಟ್ಟರು. ಕ್ಯಾಲಿಬ್ರೇಷನ್ ಮಾಡಿಸುವ ಖರ್ಚಿನಲ್ಲಿ ಹೊಸ ಡಿಜಿಟಲ್ ಮೀಟರ್ ಬರುತ್ತದೆ. ಹಳೆಯವು ಇಂದಿನ ಸುರಕ್ಷತಾ ನಿಯಮಕ್ಕೆ ಹೊಂದುವುದಿಲ್ಲ. ಜಾಗ ಬೇಕು. ಮೂರೂ ಸತ್ಯ. ಐವತ್ತು ವರ್ಷದ ಮೀಟರನ್ನು ಹಿಡಿದು ಜೀವಂತ ಪ್ಯಾನೆಲ್‌ಗೆ ಕೈಹಾಕು ಎಂದು ನನ್ನ ಹುಡುಗರಿಗೆ ನಾನೂ ಹೇಳಲಾರೆ. ಆದರೆ ಸೈಟಿಗೆ ಆಗದ್ದು ಯಾವುದಕ್ಕೂ ಆಗದು ಎಂಬ ತೀರ್ಮಾನ ಎಲ್ಲಿಂದ ಬಂತು? ನಿವೃತ್ತನಾದ ಮೇಷ್ಟ್ರನ್ನು ಯಾರಾದರೂ ತೂಕಕ್ಕೆ ಹಾಕುತ್ತಾರೆಯೇ?

ಮೇಷ್ಟ್ರು ಎಂದದ್ದು ಸುಮ್ಮನಲ್ಲ. ಉದ್ದದ ಕೇಬಲ್ಲಿಗೆ ಮೆಗ್ಗರ್ ಕಟ್ಟಿ, ನಿಮಿಷಕ್ಕೆ ಸುಮಾರು 160 ಸುತ್ತಿನಂತೆ ಒಂದೇ ವೇಗದಲ್ಲಿ ಹಿಡಿ ತಿರುಗಿಸಬೇಕು. ಮುಳ್ಳು ಮೊದಲು ಕೆಳಗೆ ಬಿದ್ದು, ಕೇಬಲ್ ಚಾರ್ಜ್ ಆದಂತೆ ನಿಧಾನವಾಗಿ ಏರುತ್ತದೆ. ಒಳ್ಳೆಯ ಕೇಬಲ್ ಹೇಗೆ ಏರುತ್ತದೆ, ತೇವ ಕುಡಿದದ್ದು ಎಲ್ಲಿ ತಡವರಿಸುತ್ತದೆ ಎಂಬುದು ಕಣ್ಣಿಗೂ ತೋಳಿಗೂ ಒಟ್ಟಿಗೇ ಗೊತ್ತಾಗುತ್ತದೆ. ತಾಪ 10 ಡಿಗ್ರಿ ಏರಿದರೆ ಇನ್ಸುಲೇಷನ್ನಿನ ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬ ಪಾಠ ನಾನು ಪುಸ್ತಕದಲ್ಲಿ ಓದಿ ಮರೆತಿದ್ದೆ. ಮಸ್ಕತ್ತಿನ ಜೂನ್ ಮಧ್ಯಾಹ್ನ ಮತ್ತು ಜನವರಿ ಬೆಳಿಗ್ಗೆ ಒಂದೇ ಕೇಬಲ್ಲಿನ ಮೇಲೆ ಹಿಡಿ ತಿರುಗಿಸಿದ ಮೇಲೆ ಮತ್ತೆ ಮರೆಯಲಿಲ್ಲ.

ಅವೋಮೀಟರ್ ಕಲಿಸುವುದು ಬೇರೆ. ಕರೆಂಟಿರುವ ತಂತಿಯ ಪಕ್ಕದಲ್ಲೇ ಉದ್ದಕ್ಕೆ ಸಾಗಿದ ಖಾಲಿ ತಂತಿಗೆ ಡಿಜಿಟಲ್ ಮೀಟರ್ ಹಿಡಿದರೆ ಎಷ್ಟೋ ವೋಲ್ಟ್ ಇದ್ದಂತೆ ತೋರಿಸುತ್ತದೆ. ಹೊಸ ಹುಡುಗರು ಗಾಬರಿಯಾಗುತ್ತಾರೆ. ಅದೇ ತಂತಿಗೆ ಅವೋ ಹಿಡಿದರೆ ಮುಳ್ಳು ಸೊನ್ನೆಯ ಹತ್ತಿರವೇ ಉಳಿಯುತ್ತದೆ. ಎರಡು ಮೀಟರ್ ಎರಡು ಮಾತು ಯಾಕೆ ಹೇಳಿದವು? ತರಗತಿಯ ಮೇಜಿನ ಮೇಲೆ ಸುರಕ್ಷಿತವಾಗಿ ಇದನ್ನು ಮಾಡಿ ತೋರಿಸಿದರೆ, ಮೀಟರ್ ತಾನು ಅಳೆಯುವ ಸರ್ಕ್ಯೂಟನ್ನೇ ಬದಲಿಸುತ್ತದೆ ಎಂಬ ಸಂಗತಿ ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಇದರ ಬೆಲೆ ಕಿಲೋ ಲೆಕ್ಕದಲ್ಲಿ ಎಷ್ಟು?

ಗುಜರಿಯವನ ಮೇಲೆ ನನಗೆ ಕೋಪವಿಲ್ಲ. ಅವನು ಕಬ್ಬಿಣ ಎಂದು ಹೇಳಿ ಕಬ್ಬಿಣದ ದುಡ್ಡು ಕೊಡುತ್ತಾನೆ. ಕೋಪವಿರುವುದು ‘ವಿಂಟೇಜ್’ ಎಂದು ಕಣ್ಣರಳಿಸುವವರ ಮೇಲೆ. ಮೀಟರಿನ ಹೊಟ್ಟೆ ಬಗೆದು ಬಲ್ಬು ಕೂರಿಸಿ ಟೇಬಲ್ ಲ್ಯಾಂಪ್ ಮಾಡುತ್ತಾರೆ. ವೀಣೆಯ ತಂತಿ ಕಿತ್ತು ಗೋಡೆಗೆ ತೂಗುಹಾಕಿದ ಹಾಗೆ. ಇನ್ನು ಕೆಲವರು ಗಾಜಿನ ಕಪಾಟಿನಲ್ಲಿ ಹತ್ತು ಹದಿನೈದು ಪೇರಿಸಿ ಬೀಗ ಹಾಕುತ್ತಾರೆ. ಮ್ಯೂಸಿಯಮ್ಮಿಗೂ ಒಂದು ಮಾದರಿ ಸಾಕು. ಉಳಿದ ಹತ್ತೊಂಬತ್ತು ಎಲ್ಲಿಗೆ ಹೋಗಬೇಕು?

‘ಊರಿಗೆ ಕಳಿಸಿ ಮಾರಾಯ್ರೆ, ನಮ್ಮ ಪಾಲಿಟೆಕ್ನಿಕ್ಕಿಗೆ ದಾನ ಮಾಡಿ’ ಎಂದರು ಮಂಗಳೂರಿನ ಮಿತ್ರರೊಬ್ಬರು. ಗಲ್ಫ್ ಕನ್ನಡಿಗರ ಈ ದಾನಬುದ್ಧಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇಲ್ಲಿ ಬೇಡವಾದ ಕಂಪ್ಯೂಟರ್, ಪ್ರಿಂಟರ್‌ಗಳನ್ನು ಕಾರ್ಟನ್ನಿಗೆ ತುಂಬಿ ಊರಿನ ಶಾಲೆಗೆ ಕಳಿಸಿ ಫೋಟೊ ತೆಗೆಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ನಾನೂ ಒಮ್ಮೆ ಕಳಿಸಿದ್ದೆ. ಮೂರು ವರ್ಷದ ಮೇಲೆ ಹೋಗಿ ನೋಡಿದರೆ ಕಾರ್ಟನ್ ಬಿಚ್ಚಿರಲಿಲ್ಲ. ತಪ್ಪು ಶಾಲೆಯದಲ್ಲ. ಕೇಬಲ್ ಇಲ್ಲ, ಕೈಪಿಡಿ ಇಲ್ಲ, ಹೇಳಿಕೊಡುವವರಿಲ್ಲ. ನಾನು ಕಳಿಸಿದ್ದು ನನ್ನ ಮನೆಯ ಕಸ, ಅದಕ್ಕೆ ಪುಣ್ಯದ ಹೆಸರು ಬೇರೆ.

ಹಾಗಾಗಿ ಈಗ ನನ್ನ ವಾದ ಇಷ್ಟು. ಮೊದಲ ಹಕ್ಕು ಈ ನೆಲದ್ದು. ಒಮಾನ್ 1967ರಲ್ಲಿ ಎಣ್ಣೆ ರಫ್ತು ಆರಂಭಿಸಿತು. 1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರ್. ಆಮೇಲೆ ಊರೂರಿಗೆ ಕಂಬ, ಕೇಬಲ್ ಹೋದ ಕಾಲದಲ್ಲಿ ಕೆಲಸ ಮಾಡಿದ್ದು ಇಂಥ ಉಪಕರಣಗಳು. ಇಲ್ಲಿನ ತಾಂತ್ರಿಕ ಕಾಲೇಜಿನ ಹುಡುಗ ಹುಡುಗಿಯರು ಅವನ್ನು ಮುಟ್ಟಿ ನೋಡಬೇಕು. ಹಳೆಯದನ್ನು ಬಳಸುತ್ತಲೇ ಉಳಿಸುವುದನ್ನು ಈ ದೇಶಕ್ಕೆ ನಾವು ಕಲಿಸಬೇಕಾಗಿಲ್ಲ. ನಿಜ್ವಾದ ಫಲಜ್ ದಾರಿಸ್ ಸೇರಿ ಐದು ಫಲಜ್ ಕಾಲುವೆಗಳು 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಹಗಲು ಕೋಲಿನ ನೆರಳು, ರಾತ್ರಿ ನಕ್ಷತ್ರ ನೋಡಿ ನೀರಿನ ಸರದಿ ಅಳೆದು ಹಂಚಿದ ವ್ಯವಸ್ಥೆ ಅದು. ಅದಕ್ಕೆ ಬೆಲೆ ಬಂದಿರುವುದು ಹಳೆಯದೆಂದಲ್ಲ, ಈಗಲೂ ನೀರು ಹರಿಯುತ್ತಿದೆಯೆಂದು.

ಇಲ್ಲಿ ಬೇಡವೆಂದರೆ ಊರಿಗೆ ಕಳಿಸೋಣ. ಆದರೆ ಕೇಳಿದವರಿಗೆ ಮಾತ್ರ, ರಿಪೇರಿ ಮಾಡಿದ್ದನ್ನು ಮಾತ್ರ, ತಂತಿ ಮತ್ತು ಕೈಪಿಡಿಯ ಜೊತೆಗೆ, ‘ಕಲಿಕೆಗಷ್ಟೇ, ಸೈಟಿಗಲ್ಲ’ ಎಂಬ ಚೀಟಿ ಅಂಟಿಸಿ. ರಜೆಯಲ್ಲಿ ಹೋದಾಗ ಅರ್ಧ ದಿನ ನಿಂತು ಹೇಳಿಕೊಡುವ ತಾಳ್ಮೆ ಇಲ್ಲದಿದ್ದರೆ ಕಳಿಸುವುದೇ ಬೇಡ. ನಿಜಕ್ಕೂ ಸತ್ತ ಉಪಕರಣ ಗುಜರಿಗೇ ಹೋಗಲಿ, ಅದಕ್ಕೆ ಅಳುವುದೂ ಬೇಡ.

ಅವತ್ತು ಮೂರನ್ನೂ ತೂಕದ ದರಕ್ಕೇ ನಾನು ಕೊಂಡೆ. ಗುಜರಿಯವನು ನಕ್ಕ. ಎರಡು ತಿಂಗಳು ಫೋನು ಮಾಡಿದ ಮೇಲೆ ಒಬ್ಬ ಒಮಾನಿ ಅಧ್ಯಾಪಕರು ಬಂದು ಒಂದು ಮೆಗ್ಗರ್ ಒಯ್ದರು. ಹಿಡಿ ತಿರುಗಿಸಲು ಮಕ್ಕಳು ಸಾಲು ನಿಲ್ಲುತ್ತಾರಂತೆ. ಇನ್ನೊಂದಕ್ಕೆ ಮನೆ ಹುಡುಕುತ್ತಿದ್ದೇನೆ. ಅವೋಮೀಟರಿನ 15 ವೋಲ್ಟಿನ ಬ್ಯಾಟರಿ ಅಂಗಡಿಯಲ್ಲಿ ಸಿಗಲಿಲ್ಲ. 12 ವೋಲ್ಟಿನ ರಿಮೋಟ್ ಬ್ಯಾಟರಿಗೆ ಎರಡು ಗುಂಡಿ ಸೆಲ್ ಸೇರಿಸಿ ಕೂರಿಸಿದ್ದೇನೆ. ನಿಮ್ಮ ಕಂಪನಿಯ ಸ್ಟೋರು ಖಾಲಿಯಾಗುವ ದಿನ ನೀವೂ ಬಾಗಿಲಲ್ಲಿ ಹತ್ತು ನಿಮಿಷ ನಿಂತು, ರಾಶಿಯಲ್ಲಿ ಏನಿದೆ ಎಂದು ನೋಡಿ.