ಮನೆಯನ್ನು ಬೆನ್ನಿಗೆ ಕಟ್ಟಿಕೊಳ್ಳುವ ಮುನ್ನ

ಇದ್ದ ಮನೆಯನ್ನು ಮಾರಿ, ಒಲೆ ಹಾಸಿಗೆಗಳನ್ನು ಒಳಗೊಂಡ ವಾಹನವೊಂದನ್ನು ಕೊಂಡು, ವರ್ಷದ ಹನ್ನೆರಡು ತಿಂಗಳೂ ರಸ್ತೆಯ ಮೇಲೆಯೇ ಬಾಳುವ ಕ್ರಮವೊಂದು ಅಮೆರಿಕದಲ್ಲಿದೆ. ಬಾಡಿಗೆ ತೆರಲಾರದೆ ಹಾಗೆ ಹೊರಟ ವೃದ್ಧರ ಕಥೆಯನ್ನು ಜೆಸ್ಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥದಲ್ಲಿ ದಾಖಲಿಸಿದರು. ನೆರೆಯ ಕೇರಳವು 2021ರಲ್ಲಿ ಇಂಥ ವಾಹನಗಳಿಗಾಗಿಯೇ ಪ್ರವಾಸ ನೀತಿಯೊಂದನ್ನು ಪ್ರಕಟಿಸಿತು. ನಮ್ಮ ಪೇಟೆಯ ತರುಣರಿಗೂ ಈ ಕನಸು ತಗುಲಿದೆ. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯವರಿಗೆ ನಡೆಯುವ ಮನೆ ಹೊಸತಲ್ಲ. ಕುರಿಹಿಂಡಿನ ಹಿಂದೆ ಪಾತ್ರೆ, ಕಂಬಳಿ, ಬಲೆ, ಕೋಳಿ, ಎಳೆಮರಿಗಳೊಂದಿಗೆ ಸಾಗುವ ಕುರುಬರ ಸಂಸಾರಗಳನ್ನು ಪ್ರತಿ ಬೇಸಿಗೆಯೂ ಅವರು ಕಾಣುತ್ತಾರೆ. ಕಾಣುತ್ತಾರೆ ನಿಜ, ಆದರೆ ಅದೊಂದು ವಿದ್ಯೆಯೆಂದು ಎಣಿಸಿದವರು ವಿರಳ. ‘ಓದು ಹತ್ತದವನು ಕುರಿ ಕಾಯಲಿ’ ಎಂಬ ಮಾತು ಇಂದಿಗೂ ಶಾಲೆಗಳಲ್ಲಿ ಬಯ್ಗುಳವಾಗಿಯೇ ಉಳಿದಿದೆ.

ಈ ತಿರುಗಾಟದ ಹಿಂದಿರುವುದು ಅಲೆಮಾರಿ ಚಪಲವಲ್ಲ, ಭೂಗೋಳ. ಉಣ್ಣೆ ಹೊತ್ತ ಡೆಕ್ಕನಿ ಕುರಿ ಒಣಹವೆಯ ಪ್ರಾಣಿ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಮಳೆಗಾಲದ ಕೆಸರಿನಲ್ಲಿ ಅದರ ಗೊರಸು ಕೊಳೆಯುತ್ತದೆ. ಮಳೆಗಾಲದ ಸೂಕ್ಷ್ಮ ನೊಣಗಳು ನೀಲಿನಾಲಿಗೆ ರೋಗವನ್ನು ಹರಡುತ್ತವೆ. ಆದುದರಿಂದ ಮುಂಗಾರಿನಲ್ಲಿ ಹಿಂಡು ಪೂರ್ವದ ಬಯಲಿಗೆ ಸರಿಯುತ್ತದೆ. ಭತ್ತದ ಕೊಯ್ಲು ಮುಗಿದು ಗದ್ದೆಗಳು ತೆರವಾದ ಬಳಿಕ ಪಶ್ಚಿಮಕ್ಕೆ ಮುಖ ಮಾಡುತ್ತದೆ. ಯಾವ ಊರಲ್ಲಿ ಯಾವ ಪೈರು ಎಂದು ಕಟಾವಾಗುತ್ತದೆ, ಯಾವ ಕೆರೆಯಲ್ಲಿ ಎಲ್ಲಿಯವರೆಗೆ ನೀರಿರುತ್ತದೆ, ಯಾವ ರೈತನಿಗೆ ಗೊಬ್ಬರ ಬೇಕಾಗಿದೆ ಎಂಬುದನ್ನು ಹಿರಿಯನೊಬ್ಬ ಮುಂದಾಗಿ ಹೋಗಿ ವಿಚಾರಿಸಿ ಬರುತ್ತಾನೆ. ಹಿಂಡು ಹೊರಡುವುದು ಆಮೇಲೆ. ಹೊಸದಾಗಿ ಈ ಬದುಕಿಗೆ ಇಳಿಯುವ ತರುಣನು ಮೊದಲು ಕಲಿಯಬೇಕಾದುದು ಈ ವಿಚಾರಣೆಯನ್ನೇ. ಒಂದು ವರ್ಷವಾದರೂ ಬೇರೊಬ್ಬರ ಹಿಂಡಿನೊಡನೆ ನಡೆಯದೆ ಸ್ವಂತ ಹಿಂಡು ಕಟ್ಟುವುದು ಅವಿವೇಕ. ಸಾಲ ತೆಗೆದು ಒಮ್ಮೆಗೇ ನೂರು ಕುರಿ ಕೊಳ್ಳುವುದಂತೂ ಆತ್ಮಘಾತುಕ.

ಸಂತೆಯಿಂದ ತಂದ ಕುರಿಯನ್ನು ಮೂರು ವಾರ ಪ್ರತ್ಯೇಕವಾಗಿಡಬೇಕು. ಪಿ.ಪಿ.ಆರ್. ಲಸಿಕೆಯ ರಕ್ಷಣೆ ಸುಮಾರು ಮೂರು ವರ್ಷ ಉಳಿಯುತ್ತದೆ. ಕರುಳುಬೇನೆಯ ಲಸಿಕೆಯನ್ನಾದರೋ ಮುಂಗಾರಿನ ಎಳೆಹುಲ್ಲು ಚಿಗುರುವ ಮುನ್ನ ಪ್ರತಿವರ್ಷ ಹಾಕಿಸಲೇಬೇಕು. ಇವು ತಿಳಿದ ಸಂಗತಿಗಳೇ. ಹಳಬರಿಗೂ ಹೊಸತಾಗಿರುವ ಅಪಾಯಗಳು ಬೇರೆ ಇವೆ. ಹಿಂದೆ ಜೋಳ, ಸಜ್ಜೆ, ಕಾಳುಗಳ ಹೊಲಗಳಿದ್ದಲ್ಲಿ ಇಂದು ಕಣ್ಣಳತೆಯ ತುಂಬ ಗೋವಿನಜೋಳವಿದೆ. ಕಟಾವಿನ ಬಳಿಕ ಉಳಿದ ತೆನೆಗಳನ್ನು ಹಸಿದ ಕುರಿ ಹೊಟ್ಟೆಬಿರಿಯ ತಿಂದರೆ ಕಾಳು ಹುಳಿತು, ಹೊಟ್ಟೆಯಲ್ಲಿ ಆಮ್ಲವೇರಿ, ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ಮೊದಲು ಒಣಮೇವು ತಿನ್ನಿಸಿ, ಅನಂತರ ಸ್ವಲ್ಪ ಹೊತ್ತು ಮಾತ್ರ ಅಂಥ ಹೊಲಕ್ಕೆ ಬಿಡುವುದು ಜಾಣತನ. ಅಡಿಗೆ ಸೋಡಾ ಬೆರೆಸಿದ ನೀರು ಪ್ರಥಮ ಚಿಕಿತ್ಸೆಯಷ್ಟೆ, ಪಶುವೈದ್ಯರನ್ನು ಕಾಣದೆ ವಿಧಿಯಿಲ್ಲ. ಕೊಯ್ದ ಜೋಳದ ಕೂಳೆಯಲ್ಲಿ ಹೊಡೆವ ಎಳೆ ಚಿಗುರೂ ವಿಷವೇ. ಇನ್ನು 2018ರಲ್ಲಿ ಕರ್ನಾಟಕದಲ್ಲಿ ಮೊದಲಬಾರಿಗೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ತರುವಾಯ ಗೋವಿನಜೋಳದ ಸುಳಿಗೆ ಕೀಟನಾಶಕ ಸುರಿಯುವುದು ರೂಢಿಯಾಗಿದೆ. ಬದುಗಳಿಗೂ ಕಳೆನಾಶಕ ಬೀಳುತ್ತಿದೆ. ‘ಎಣ್ಣೆ ಹೊಡೆದು ಎಷ್ಟು ದಿನವಾಯಿತು?’ ಎಂದು ಕೇಳದೆ ಯಾವ ಹೊಲಕ್ಕೂ ಕಾಲಿಡಬಾರದು. ಉತ್ತರಿಸುವುದು ರೈತನ ಕರ್ತವ್ಯವೂ ಹೌದು. ಆ ಹಿಂಡು ತನ್ನ ಹೊಲಕ್ಕೆ ಬರುವುದು ತನ್ನ ಲಾಭಕ್ಕಾಗಿಯೇ ಎಂಬುದನ್ನು ಅವನು ಮರೆಯುವಂತಿಲ್ಲ.

ಆ ಲಾಭದ ಲೆಕ್ಕ ಸರಳ. ಕುರಿಯೊಂದು ರಾತ್ರಿಗೆ ಅರ್ಧ ಕಿಲೋದಷ್ಟು ಹಿಕ್ಕೆ ಹಾಕಿದರೂ ಇನ್ನೂರರ ಹಿಂಡು ಒಂದು ಇರುಳಿಗೆ ಒಂದು ಕ್ವಿಂಟಲ್ ಗೊಬ್ಬರವನ್ನು ಹೊಲಕ್ಕೇ ತಲುಪಿಸುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟಿದ್ದರೆ ಕುರಿಗೊಬ್ಬರದಲ್ಲಿ ಶೇಕಡ 3ರ ಆಸುಪಾಸು. ಗಂಜಲವೂ ಸೇರುತ್ತದೆ, ಆದರೆ ಮರುದಿನವೇ ಹರಗಿ ಮಣ್ಣಿಗೆ ಬೆರೆಸದಿದ್ದರೆ ಅದರ ಸಾರ ಗಾಳಿಯ ಪಾಲು. ಇಷ್ಟಾದರೂ ಕುರಿ ನಿಲ್ಲಿಸಿದವನಿಗೆ ಸಲ್ಲುವ ಕಾಳು, ಹಣದ ವಿಷಯದಲ್ಲಿ ಚೌಕಾಶಿ ತೀರದು. ರಸಗೊಬ್ಬರದ ಅಂಗಡಿಯಲ್ಲಿ ಇಂಥ ಚೌಕಾಶಿ ಯಾರೂ ಮಾಡಲಾರರು.

ಅಮೆರಿಕದ ಚಕ್ರವಾಸಿಗಳಿಗೆ ಸೌತ್ ಡಕೋಟ ರಾಜ್ಯವು ಒಂದು ರಾತ್ರಿಯ ತಂಗುವಿಕೆಯ ರಸೀತಿಯನ್ನೇ ಆಧಾರವಾಗಿಸಿಕೊಂಡು ವಿಳಾಸದ ಅನುಕೂಲ ಕಲ್ಪಿಸಿತು. ನಮ್ಮಲ್ಲಿ 2020ರ ಆರಂಭದಿಂದ ಪಡಿತರ ಚೀಟಿಯನ್ನು ಬೇರೆಡೆಯೂ ಬಳಸಬಹುದಾಗಿದೆ. ಹೊರಡುವ ಮುನ್ನ ಮನೆಯ ಎಲ್ಲರ ಬೆರಳಚ್ಚು, ಆಧಾರ್ ಜೋಡಣೆ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ದೂರದೂರಿನ ಅಂಗಡಿಯ ಮುಂದೆ ನಿಂತಾಗ ಅದನ್ನು ಸರಿಪಡಿಸಲಾಗದು. ಸತ್ತ ಕುರಿಗೆ ಅನುಗ್ರಹ ಯೋಜನೆಯಡಿ ದೊರೆಯುವ ಪರಿಹಾರವನ್ನು 2025-26ರ ಆಯವ್ಯಯದಲ್ಲಿ 5,000ದಿಂದ 7,500 ರೂಪಾಯಿಗೆ ಏರಿಸಲಾಯಿತು. ಅದಕ್ಕೆ ವೈದ್ಯರ ದೃಢೀಕರಣ ಬೇಕು. ಹಿಂಡು ಮಾತ್ರ ಬೆಳಗಾದರೆ ಮುಂದಿನ ಊರಿನಲ್ಲಿರುತ್ತದೆ! ಮಕ್ಕಳ ಶಾಲೆಯ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣವಾದುದು. ಅಜ್ಜ ಅಜ್ಜಿಯರ ಬಳಿಯೋ ವಸತಿ ನಿಲಯದಲ್ಲೋ ಮಗುವಿಗೆ ನೆಲೆ ಖಚಿತವಾಗದೆ ಹೊರಡುವ ತಂದೆತಾಯಿಗಳ ಪಯಣವನ್ನು ಸಂಪ್ರದಾಯದ ಹೆಸರಿನಲ್ಲಿ ಹೊಗಳುವುದು ಸಲ್ಲದು.

ತರುಣನು ಎಷ್ಟೇ ಸಿದ್ಧನಾದರೂ ಊರು ಸಿದ್ಧವಾಗಿರದಿದ್ದರೆ ಫಲವಿಲ್ಲ. 1966ರ ಭೂಕಂದಾಯ ನಿಯಮಗಳು ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಗೋಮಾಳ ಕಾದಿರಿಸಲು ಹೇಳುತ್ತವೆ. ಆ ಗಣತಿ ಊರ ದನಗಳದ್ದು, ಹಾದುಹೋಗುವ ಹಿಂಡಿನದ್ದಲ್ಲ. ಇದ್ದ ಗಾಯರಾಣವೂ ಒತ್ತುವರಿಯಾಗಿ, ನಿವೇಶನವಾಗಿ ಕರಗಿದೆ. ಶಿಗ್ಗಾವಿ, ಬಂಕಾಪುರಗಳ ಬಳಿ ಹೆದ್ದಾರಿ ದಾಟುವುದೇ ಹಿಂಡಿಗೆ ಗಂಡಾಂತರ. ವಲಸೆ ಕುರಿಗಾಹಿಗಳ ಕಲ್ಯಾಣ ಹಾಗೂ ದೌರ್ಜನ್ಯದಿಂದ ರಕ್ಷಣೆ ಕುರಿತ ವಿಧೇಯಕಕ್ಕೆ ರಾಜ್ಯ ವಿಧಾನಮಂಡಲವು 2025ರಲ್ಲಿ ಒಪ್ಪಿಗೆಯಿತ್ತಿತು. ಸ್ವಾಗತಾರ್ಹವೇ ಸರಿ. ಆದರೆ ಹೊಡೆತದಿಂದ ರಕ್ಷಿಸುವ ಕಾನೂನು ಮೇವು ಬೆಳೆಯಿಸಲಾರದು. ಕನಕದಾಸರು ಹುಟ್ಟಿದ ಬಾಡವಿರುವ ಈ ಶಿಗ್ಗಾವಿ ತಾಲ್ಲೂಕಿನಿಂದಲೇ ಆರಂಭಿಸಿ, ನಾಲ್ಕೂ ತಾಲ್ಲೂಕುಗಳ ಗ್ರಾಮಸಭೆಗಳು ಹಿಂಡು ಸಾಗುವ ಹಾದಿ, ನೀರಿನ ತಾಣ, ರಾತ್ರಿ ತಂಗುವ ಬಯಲುಗಳನ್ನು ಗುರುತಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿಸಬೇಕು. ಗುಡ್ಡದ ನೆಡುತೋಪಿಗೆ ಬೇಲಿ ಹಾಕುವ ಮುನ್ನ ಅರಣ್ಯ ಇಲಾಖೆಯವರು ಆ ಪುಸ್ತಕವನ್ನು ನೋಡಲಿ. ಕಾಲೇಜು ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ತಮ್ಮ ಊರಿಗೆ ಬರುವ ಹಿಂಡಿನ ಹಿರಿಯರನ್ನು ಕೇಳಿ ಆ ಹಾದಿಯ ನಕ್ಷೆ ಬರೆದುಕೊಟ್ಟರೆ, ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಲು ಕಾಗದವೊಂದಾದರೂ ಕೈಯಲ್ಲಿರುತ್ತದೆ.