ಏರ್‌ಪೋರ್ಟ್ ನಿಂತರೆ ಸುದ್ದಿ, ಗ್ರಾಮ ಒನ್ ನಿಂತರೆ ‘ಸರ್ವರ್ ಇಲ್ಲ’

2024ರ ಜುಲೈ 19, ಶುಕ್ರವಾರ. ಬೆಳಿಗ್ಗೆ ಹತ್ತೂವರೆ ದಾಟುತ್ತಿದ್ದಂತೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ವ್ಯವಸ್ಥೆ ಕೈಕೊಟ್ಟಿತು. ಇಂಡಿಗೋ, ಆಕಾಸಾ, ಸ್ಪೈಸ್‌ಜೆಟ್ ಕೌಂಟರ್‌ಗಳ ಮುಂದೆ ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅದೇ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ದವು.

ಯಂತ್ರಗಳನ್ನು ಮಲಗಿಸಿದ್ದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶ. ಅದು ವಿಂಡೋಸ್ ಒಳಗೆ ಡ್ರೈವರ್ ರೂಪದಲ್ಲಿ ಕೂತಿರುತ್ತದೆ. ಡ್ರೈವರ್ ಅಂದರೆ ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾದಂಥ ಸಾಧನಗಳಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ಮಾತಾಡಿಸುವ ದುಭಾಷಿ. ಮಾಮೂಲಿ ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್‌ನಲ್ಲಿ, ಅಂದರೆ ಸಿಸ್ಟಮ್ಮಿನ ಗರ್ಭಗುಡಿಯಲ್ಲಿ ಕೂತ ಡ್ರೈವರ್ ಎಡವಿದರೆ ಇಡೀ ಯಂತ್ರವೇ ಬೀಳುತ್ತದೆ. ಕ್ರೌಡ್‌ಸ್ಟ್ರೈಕ್‌ನ ಡ್ರೈವರಿಗೆ ಮೈಕ್ರೋಸಾಫ್ಟಿನ ಪ್ರಮಾಣಪತ್ರ ಇತ್ತು. ಆದರೆ ಆ ಡ್ರೈವರ್ ಆಗಾಗ ಓದಿಕೊಳ್ಳುವ ಕಡತಗಳಿಗೆ ಅಂಥ ತಪಾಸಣೆ ಇರಲಿಲ್ಲ. ಹೊಸ ಕಡತ 21 ಮಾಹಿತಿ ಕೇಳಿತು, ಸಿಕ್ಕಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕಲು ಹೋಗಿ ಯಂತ್ರಗಳು ಬಿದ್ದವು. ಕಂಪನಿ ಆ ಕಡತವನ್ನು ವಾಪಸ್ ಪಡೆದದ್ದು 78 ನಿಮಿಷದಲ್ಲಿ. ಆದರೆ ಅಷ್ಟರಲ್ಲಿ ಬಿದ್ದ ಯಂತ್ರಗಳ ಮುಂದೆ ಮನುಷ್ಯರೇ ಕೂತು ಸೇಫ್ ಮೋಡ್‌ಗೆ ಹೋಗಿ ಕಡತ ಅಳಿಸಬೇಕಾಯಿತು.

‘ನೋಡಿದ್ರಾ, ಅದಕ್ಕೇ ಅಪ್‌ಡೇಟ್ ಆಫ್ ಮಾಡಿಡಬೇಕು’ ಅಂತ ನಂತರ ಬಹಳ ಜನ ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಸಮಸ್ಯೆಯಾದದ್ದು ಕಡತ ಒಂದೇ ಏಟಿಗೆ ಎಲ್ಲರಿಗೂ ಹೋದದ್ದರಿಂದ. ಮೊದಲು ನೂರು ಯಂತ್ರಗಳಿಗೆ ಕಳಿಸಿ ನೋಡಿದ್ದರೆ ನೂರೇ ಬೀಳುತ್ತಿದ್ದವು. ಅಪ್‌ಡೇಟ್ ಬೇಕು, ಅದನ್ನು ನೋಡಿಕೊಳ್ಳುವ ಮನುಷ್ಯರೂ ಬೇಕು.

ಸರ್ಕಾರದ ಎನ್‌ಐಸಿ ಜಾಲಕ್ಕೆ ತೊಂದರೆಯಾಗಿಲ್ಲ ಎಂದು ಐಟಿ ಸಚಿವ ಅಶ್ವಿನಿ ವೈಷ್ಣವ್ ಅವತ್ತೇ ಹೇಳಿದರು. ನಿಜವೇ ಇರಬಹುದು. ಆದರೆ ಜನರಿಗೆ ಸರ್ಕಾರ ಸಿಗುವುದು ಎನ್‌ಐಸಿಯ ಡೇಟಾ ಸೆಂಟರಿನಲ್ಲಲ್ಲ. ಏರ್‌ಪೋರ್ಟಿನಿಂದ ದೊಡ್ಡಬಳ್ಳಾಪುರದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಗ್ರಾಮ ಒನ್ ಕೇಂದ್ರದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಹೆಬ್ಬೆಟ್ಟು ಒತ್ತಿಸಿಕೊಂಡು ಪಿಂಚಣಿ ಹಣ ಕೊಡುವ ಬ್ಯಾಂಕ್ ಮಿತ್ರರ ಮೇಜಿನ ಮುಂದೆ. ಅಲ್ಲೆಲ್ಲ ಇರುವುದು ಒಂದು ಕಂಪ್ಯೂಟರ್, ಒಂದು ಬೆರಳಚ್ಚು ಸ್ಕ್ಯಾನರ್.

ಆ ಪುಟ್ಟ ಸ್ಕ್ಯಾನರ್ ಕೆಲಸ ಮಾಡಲು ಅದರ ಡ್ರೈವರ್ ಸರಿಯಿರಬೇಕು. ಅದರ ಮೇಲೆ ಆರ್‌ಡಿ ಸರ್ವಿಸ್ ಎಂಬ ಇನ್ನೊಂದು ತಂತ್ರಾಂಶ ಓಡುತ್ತಿರಬೇಕು; ಬೆರಳಚ್ಚನ್ನು ಗೂಢಲಿಪಿಗೆ ಇಳಿಸಿ ಆಧಾರ್‌ಗೆ ಕಳಿಸಲು ಸಿದ್ಧಮಾಡುವುದು ಅದು. ಅದರ ನೋಂದಣಿ ಅವಧಿ ಮುಗಿದರೆ ದುಡ್ಡು ಕಟ್ಟಿ ನವೀಕರಿಸಬೇಕು. ಈ ನಡುವೆ ಆಧಾರ್ ಪ್ರಾಧಿಕಾರ ಹಳೆಯ ಎಲ್0 ಸಾಧನ ಬಿಟ್ಟು ಎಲ್1ಗೆ ಹೋಗಿ ಎಂದಿತು. ಎಲ್1ರಲ್ಲಿ ಗೂಢಲಿಪಿ ಕೆಲಸ ಸಾಧನದ ಚಿಪ್ಪಿನೊಳಗೇ ಆಗುತ್ತದೆ. ಭದ್ರತೆಗೆ ಒಳ್ಳೆಯದೇ. ಆದರೆ ಗ್ರಾಮ ಒನ್ ಫ್ರಾಂಚೈಸಿ ಮಾದರಿಯದು, ಕಂಪ್ಯೂಟರ್, ಸ್ಕ್ಯಾನರ್ ಖರ್ಚು ಅದನ್ನು ನಡೆಸುವ ಹುಡುಗ-ಹುಡುಗಿಯರದ್ದೇ.

ರಾತ್ರಿ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ಬೆಳಿಗ್ಗೆ ಹಳೆಯ ಡ್ರೈವರ್ ಅದಕ್ಕೆ ಹೊಂದಲಿಲ್ಲ ಅಂದುಕೊಳ್ಳಿ. ಸ್ಕ್ಯಾನರ್ ದೀಪ ಹತ್ತುವುದಿಲ್ಲ. ಸಾಲಿನಲ್ಲಿ ನಿಂತ ಅಜ್ಜಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲಮ್ಮ, ನಾಳೆ ಬಾ’. ಶಕ್ತಿ ಯೋಜನೆಯಿಂದ ಬಸ್ಸು ಫ್ರೀ ಇರಬಹುದು, ಹೋದ ಕೂಲಿ ವಾಪಸ್ ಬರುವುದಿಲ್ಲ.

ಬೆರಳಚ್ಚು ಹೊಂದಲಿಲ್ಲ ಅಂತ ಯಾರಿಗೂ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ಸೂಚಿಸಿದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರು ಸೌಲಭ್ಯ ಕಳೆದುಕೊಳ್ಳಬಾರದು ಎಂದಿತು. ಇವೆರಡೂ ದೃಢೀಕರಣ ವಿಫಲವಾದ ಸಂದರ್ಭಕ್ಕೆ ಹೇಳಿದ ಮಾತು. ಡ್ರೈವರ್ ಸತ್ತಿದ್ದರೆ ಬೆರಳಚ್ಚು ಕಂಪ್ಯೂಟರಿನಿಂದ ಹೊರಗೇ ಹೋಗುವುದಿಲ್ಲ. ಆಧಾರ್ ಸರ್ವರಿನ ಲೆಕ್ಕದಲ್ಲಿ ಅದು ವಿಫಲವೂ ಅಲ್ಲ, ಸಫಲವೂ ಅಲ್ಲ. ಅಜ್ಜಿ ಅವತ್ತು ಬಂದೇ ಇಲ್ಲ. ದಾಖಲೆಯಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ನನಗೆ ಇಡೀ ವಿಷಯದಲ್ಲಿ ದೊಡ್ಡ ರಾಜಕೀಯ ಕಾಣುವುದು ಇಲ್ಲೇ.

ಇದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹತ್ತು ವರ್ಷದ ಹಿಂದಿನ ಪ್ರೊಸೆಸರ್‌ಗಳು ಅದರ ಪಟ್ಟಿಯಲ್ಲೇ ಇಲ್ಲ. ಹೊಸ ಯಂತ್ರ ಕೊಂಡರೂ ಹಳೆಯ ಪ್ರಿಂಟರಿಗೆ ಡ್ರೈವರ್ ಸಿಗದೇ ಹೋಗಬಹುದು. ಆಗ ಜನ ‘ಫ್ರೀ ಡ್ರೈವರ್ ಅಪ್‌ಡೇಟರ್’ ಅಂತ ಹುಡುಕುತ್ತಾರೆ. ಇಂಥವನ್ನು ದಯವಿಟ್ಟು ಹಾಕಬೇಡಿ, ಹಲವು ಕಸ ತಂದು ಸುರಿಯುತ್ತವೆ. ಅದೂ ಊರಿನವರ ಆಧಾರ್ ಸಂಖ್ಯೆ ಟೈಪ್ ಮಾಡುವ ಯಂತ್ರದಲ್ಲಿ! ತಯಾರಕರ ಸೈಟ್ ಅಥವಾ ವಿಂಡೋಸ್ ಅಪ್‌ಡೇಟ್ ಸಾಕು. ಹೊಸ ಡ್ರೈವರ್ ಕೈಕೊಟ್ಟರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್’ ಇದೆ.

ಯುರೋಪಿನಲ್ಲಿ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಸೈಬರ್ ರೆಸಿಲಿಯೆನ್ಸ್ ಕಾಯ್ದೆ ಪ್ರಕಾರ, ತಯಾರಕರು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಅಪ್‌ಡೇಟ್ ಕೊಡಬೇಕು. ಮುಖ್ಯ ಷರತ್ತುಗಳು 2027ರ ಡಿಸೆಂಬರ್‌ನಿಂದ ಅನ್ವಯ. ನಮ್ಮಲ್ಲಿ ಕಾಯ್ದೆಗೆ ಕಾಯಬೇಕಾಗಿಲ್ಲ. ಸರ್ಕಾರದ ಕೆಲಸಕ್ಕೆ ಒಪ್ಪಿಗೆ ಕೊಡುವ ಸ್ಕ್ಯಾನರಿಗೆ ಎಷ್ಟು ವರ್ಷ ಡ್ರೈವರ್ ಕೊಡುತ್ತೀರಿ ಅಂತ ಷರತ್ತಿನಲ್ಲಿ ಒಂದು ಸಾಲು ಬರೆಸಬಹುದು. ಆರ್‌ಡಿ ನವೀಕರಣದ ದುಡ್ಡು ಸರ್ಕಾರವೇ ಕಟ್ಟಬಹುದು. ಬೆಂಗಳೂರು ಗ್ರಾಮಾಂತರದಲ್ಲಿ ಇರುವುದು ನಾಲ್ಕು ತಾಲ್ಲೂಕು. ತಾಲ್ಲೂಕಿಗೊಬ್ಬರಂತೆ ನಾಲ್ಕು ತಂತ್ರಜ್ಞರನ್ನು ಇಡುವುದು ದೊಡ್ಡ ಖರ್ಚೇನಲ್ಲ.

ಅದಕ್ಕೂ ಮೊದಲು ಲೆಕ್ಕ ಬೇಕು. ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಹೀಗೆ ಕೇಳಬಹುದು: ಕಳೆದ ಒಂದು ವರ್ಷದಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಯಾವ ಯಾವ ಕೇಂದ್ರದಲ್ಲಿ, ಬೆರಳಚ್ಚು ಸಾಧನ ಕೆಟ್ಟು, ಎಷ್ಟು ದಿನ ಸೇವೆ ನಿಂತಿತ್ತು? ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದರೆ ಆ ಹಿಂಬರಹವನ್ನು ಹಿಡಿದುಕೊಂಡೇ ನಿಮ್ಮ ಶಾಸಕರನ್ನು ನೋಡಿ.